ಬೇಲಿಗೆ ಬಾರದ ಮರ

ಹೋದ ಬೇಸಿಗೆಯಲ್ಲಿ ನನ್ನ ಮಗ ತೋಟದ ಮೂಡಣ ಬದಿಗೆ ಹಲಗೆಯ ಬೇಲಿ ಹಾಕಿದ. ಹುಲ್ಲಿನ ಬೇಣದ ಅಂಚಿನಲ್ಲಿ ಗಾಳಿಗೆ ಬಿದ್ದಿದ್ದ ಅಕೇಶಿಯಾ ಮರಗಳನ್ನು ಬಿದ್ದಲ್ಲೇ ಕೊಯ್ದು ಗೂಟ, ಅಡ್ಡಪಟ್ಟಿ ಎಲ್ಲ ತಾನೇ ಮಾಡಿಕೊಂಡ. ಊರವರು ಒಬ್ಬೊಬ್ಬರಾಗಿ ಬಂದು ನೋಡಿಕೊಂಡು ಹೋದರು. ಆಚೆಮನೆ ಭಾವ ಕವಳ ಉಗಿದು ಬಂದು, ಪಟ್ಟಿಯ ಮೇಲೆ ಕೈಯಾಡಿಸಿ, "ಇನ್ನು ಇದಕ್ಕೆ ಮೆತ್ತು ಹಾಕದೊಂದು ಬಾಕಿ ನೋಡು, ಮಾಣಿ" ಅಂದ. ಮೆತ್ತು ಅಂದರೆ ನಮ್ಮ ಕಡೆ ಮನೆಯ ಮಹಡಿ. ಮಗ ನಕ್ಕ. ನನಗೆ ಮಾತ್ರ ಆ ಮಾತು ತಲೆಯಲ್ಲಿ ಉಳಿಯಿತು. ಸಿದ್ದಾಪುರ, ಶಿರಸಿ ಅಂದರೆ ಮರದ ಸೀಮೆ. ಮನೆಯ ಕಂಬ ಮರದ್ದು, ಮುಚ್ಚಿಗೆ ಮರದ್ದು, ಅಕ್ಕಿ ಕಣಜ ಮರದ್ದು, ಉಪ್ಪಿನಕಾಯಿಯ ಮರಿಗೆಯೂ ಮರದ್ದೇ. ಬೇಲಿಗೆ ಮಾತ್ರ ಮರ ಕೊಯ್ದವರನ್ನು ನಾನು ಕಂಡಿಲ್ಲ, ನನ್ನ ಅತ್ತೆಯೂ ಕಂಡಿರಲಿಲ್ಲ. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು ನಾನು. ಪಾಣಿಪತ್ತಿನ ಮೂರೂ ಯುದ್ಧದ ಇಸವಿಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ನಮ್ಮ ತೋಟದ ಬೇಲಿಗೂ ಒಂದು ಇತಿಹಾಸ ಇದೆ ಎಂದು ಆಗ ಹೊಳೆದಿರಲಿಲ್ಲ.

ಮೊದಲು ನಮ್ಮ ಕಡೆಯ ಹಳೆಯ ಬೇಲಿ ಹೇಗಿತ್ತು ಎಂದು ಹೇಳಬೇಕು. ತೋಟದ ಸುತ್ತ ಅಗಳ. ಆಳೆತ್ತರದ ಕಂದಕ ತೋಡಿ, ಮಣ್ಣನ್ನು ಒಳಬದಿಗೆ ಏರಿ ಮಾಡಿ, ಏರಿಯ ಮೇಲೆ ಕತ್ತಾಳೆಯನ್ನೋ ಲಕ್ಕಿಯನ್ನೋ ನೆಟ್ಟರೆ ಎಮ್ಮೆಯೂ ಹಾರುತ್ತಿರಲಿಲ್ಲ. ಚಿರೇಕಲ್ಲು ಸಿಗುವ ಕಡೆ ಪಾಗಾರ. ಹಿತ್ತಲಿಗೆ ದಾಸವಾಳ, ಹಾಲವಾಣದ ಗೂಟ. ಇವು ಜೀವಂತ ಗೂಟಗಳೇ ಹೊರತು ಸತ್ತ ಗೂಟಗಳಲ್ಲ. ಮೊದಲ ಮಳೆಗೆ ಊರಿದರೆ ಆಷಾಢದ ಹೊತ್ತಿಗೆ ಚಿಗುರಿ ನಿಲ್ಲುತ್ತಿದ್ದವು, ಒರಲೆಯ ಭಯವೇ ಇಲ್ಲ. ಗದ್ದೆಗೆ ಬಿದಿರ ಮುಳ್ಳಿನ ಬೇಲಿ. ಮುಂಗಾರು ಶುರುವಾಗುವ ಮೊದಲು ನಾಲ್ಕಾರು ಮನೆಯವರು ಮುಯ್ಯಾಳು ಮಾಡಿಕೊಂಡು ಮುಳ್ಳಿನ ಹಿಂಡುಗಳನ್ನು ಎಳೆದು ತರುತ್ತಿದ್ದರು.

ಆ ಗದ್ದೆ ಬೇಲಿಗೆ ಆಯುಷ್ಯ ಅರ್ಧ ವರ್ಷ. ಕೊಯ್ಲಾಗಿ ಪೈರು ಕಣಕ್ಕೆ ಬಂತೆಂದರೆ ಬೇಲಿ ಕಿತ್ತು ಗದ್ದೆಯನ್ನು ಊರಿನ ದನಗಳಿಗೆ ಬಿಡುವುದು ವಾಡಿಕೆ. ಯಾರ ದನ ಯಾರ ಗದ್ದೆಯಲ್ಲಾದರೂ ಕೂಳೆ ಮೇಯಬಹುದು, ಹಾಕಿದ ಸಗಣಿ ಗದ್ದೆಯವನಿಗೆ. ಒಣಗಿದ ಮುಳ್ಳು ಬಚ್ಚಲ ಒಲೆಗೆ. ಅಂಥ ಊರಿನಲ್ಲಿ ಇಪ್ಪತ್ತು ವರ್ಷ ಬಾಳುವ ಮರದ ಬೇಲಿ ಹಾಕಿದವನು ಹೆಚ್ಚುಗಾರಿಕೆ ಮಾಡಿದ ಎಂದಲ್ಲ, ಊರಿನ ದನಕ್ಕೆ ಅಡ್ಡಗಟ್ಟಿದ ಎಂದೇ ಬೈಸಿಕೊಳ್ಳುತ್ತಿದ್ದ. ಬೇಲಿ ಇದ್ದದ್ದು ಪೈರಿಗೆ. ನೆಲಕ್ಕೆ ಬೇಲಿ ಹಾಕುವ ಯೋಚನೆ ಆಮೇಲಿನದು.

ಇಷ್ಟರ ನಡುವೆ ಕೆತ್ತಿದ ಮರ ಕಾಣುತ್ತಿದ್ದದ್ದು ಒಂದೇ ಕಡೆ, ಉಣಗೋಲಿನಲ್ಲಿ. ಎರಡು ಗಟ್ಟಿ ಕಂಬ, ಕಂಬಗಳಲ್ಲಿ ಸಾಲಾಗಿ ತೂತು, ತೂತಿನಿಂದ ತೂತಿಗೆ ಸರಿಸುವ ಗಳಗಳು. ಗಾಡಿ ಬಂದರೆ ಗಳ ಎಲ್ಲ ಸರಿಸಬೇಕು. ಮನುಷ್ಯ ಬಂದರೆ ಮೇಲಿನ ಎರಡು ಸರಿಸಿ ಕಾಲೆತ್ತಿ ದಾಟಿದರೆ ಸಾಕು. ಕಂಬಕ್ಕೆ ಜಂಬೆ ಮರ ಸಿಕ್ಕರೆ ಮನೆಯ ಯಜಮಾನನಿಗೆ ಅದೊಂದು ಹೆಮ್ಮೆ. ನಮ್ಮ ಮನೆಯ ಹಳೆಯ ಉಣಗೋಲಿನ ಕಂಬ ಈಗಲೂ ಕೊಟ್ಟಿಗೆಯ ಹಿಂದೆ ಬಿದ್ದಿದೆ. ತೂತುಗಳು ಚೌಕ, ಉಳಿಯ ಒಂದೊಂದು ಏಟೂ ಎಣಿಸಬಹುದು. ಗಳ ಉಜ್ಜಿ ಉಜ್ಜಿ ತೂತಿನ ಕೆಳ ಅಂಚು ಮಾತ್ರ ನುಣ್ಣಗೆ ಸವೆದಿದೆ.

ಹಿತ್ತಲಿಗೆ, ಸೊಪ್ಪಿನ ಪಾತಿಗೆ, ಬಾವಿಕಟ್ಟೆಯ ಮರೆಗೆ ಅಡಿಕೆ ದಬ್ಬೆ. ನಾವೇ ತಯಾರಿಸಿಕೊಂಡ ನಾಟಾ ಎಂದು ಬೇಲಿಯಲ್ಲಿ ಏನಾದರೂ ಇದ್ದರೆ ಅದು ಇದೇ. ಫಲ ನಿಂತ ಮರವನ್ನೋ ಅಣಬೆ ರೋಗಕ್ಕೆ ಸತ್ತ ಮರವನ್ನೋ ಕಡಿದು ಬೇಕಾದ ಉದ್ದಕ್ಕೆ ತುಂಡು ಮಾಡುತ್ತಾರೆ. ಒಂದು ತುದಿಗೆ ಕೊಡಲಿ ಇಟ್ಟು ಹೊಡೆದು, ಬಿರುಕಿಗೆ ಬೆಣೆ ತುರುಕಿ, ಬೆಣೆಯ ಹಿಂದೆ ಇನ್ನೊಂದು ಬೆಣೆ ಹೊಡೆಯುತ್ತ ಹೋದರೆ ಮರ ಚಟಚಟ ಸದ್ದು ಮಾಡುತ್ತ ಉದ್ದಕ್ಕೆ ಬಾಯಿ ಬಿಡುತ್ತದೆ. ಒಳಗಿನ ಮೆತ್ತನೆಯ ತಿರುಳನ್ನು ಕತ್ತಿಯಲ್ಲಿ ಕೆರೆದು ತೆಗೆದರೆ ಉಳಿಯುವುದು ಕಪ್ಪು ಕಂದು ಬಣ್ಣದ ಹೊರಮೈ, ಕಬ್ಬಿಣದಂಥ ನಾರು. ಅಡಿಕೆ ಮರಕ್ಕೆ ಹಲಸಿನ ಹಾಗೆ ಒಳಗೆ ಚೇಗು ಇರುವುದಿಲ್ಲ. ಅದರ ಗಟ್ಟಿತನವೆಲ್ಲ ಹೊರಗೆ. ಗರಗಸ ಹಾಕಿದರೆ ನಾರು ತುಂಡಾಗಿ ಹೋಗುತ್ತದೆ, ಸೀಳಿದರೆ ನಾರು ಇಡಿಯಾಗಿ ಬರುತ್ತದೆ. ಇದು ಅಡಿಕೆಗೆ ಮಾತ್ರ ಸಲ್ಲುವ ಮಾತಲ್ಲ. ಯಾವ ಮರವೇ ಆಗಲಿ, ಸೀಳಿದ ತುಂಡಿನ ಮೇಲೆ ಬಿದ್ದ ಮಳೆನೀರು ನಾರಿನ ಗುಂಟ ಜಾರಿ ಹೋಗುತ್ತದೆ. ಗರಗಸ ಕೊಯ್ದ ಮೈಯಲ್ಲಿ ತುಂಡಾದ ನಾರಿನ ಬಾಯಿಗಳಿಂದ ನೀರು ಒಳಗೆ ಇಳಿಯುತ್ತದೆ. ನಮ್ಮ ಮಳೆಯಲ್ಲಿ ಬೇಲಿಗೆ ಸೀಳಿದ್ದೇ ಸರಿ ಎಂದು ಹಿರಿಯರು ಯಾರಿಂದಲೂ ಕೇಳಿ ಕಲಿಯಬೇಕಾಗಿರಲಿಲ್ಲ. ದಬ್ಬೆಯ ಒಂದು ತೊಂದರೆ ಅಂದರೆ ಸಿಬಿರು. ಅಂಗೈಗೆ ಹೊಕ್ಕಿದ್ದು ಸೂಜಿಗೂ ಸುಲಭದಲ್ಲಿ ಬರುವುದಿಲ್ಲ.

ಹಾಗಾದರೆ ಗರಗಸ ಗೊತ್ತಿರಲಿಲ್ಲವೆ? ಚೆನ್ನಾಗಿಯೇ ಗೊತ್ತಿತ್ತು. ಆದರೆ ಅದನ್ನು ಯಾವ ಮರಕ್ಕೆ ಇಡಬಹುದು, ಆ ಮರ ಯಾರದ್ದು ಎನ್ನುವುದರಲ್ಲಿ ಬೇಲಿಗೆ ಮರ ಯಾಕೆ ಬರಲಿಲ್ಲ ಎಂಬ ನನ್ನ ಪ್ರಶ್ನೆಯ ಉತ್ತರದ ಅರ್ಧ ಇದೆ ಎಂದು ಈಗ ನನಗೆ ಅನ್ನಿಸುತ್ತದೆ.

ಟಿಪ್ಪು ಬಿದ್ದ ಮೇಲೆ, 1800ರಲ್ಲಿ, ಕಂಪನಿ ಸರಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಹೊಸದಾಗಿ ಕೈಗೆ ಬಂದ ಸೀಮೆಯನ್ನು ನೋಡಿಕೊಂಡು ಬಾ ಎಂದು ಕಳಿಸಿತು. ಮದರಾಸಿನಿಂದ ಹೊರಟವನು ಮೈಸೂರು, ಮಲಬಾರು ಸುತ್ತಿ 1801ರಲ್ಲಿ ಕೆನರಾಕ್ಕೆ ಬಂದು, ಘಟ್ಟ ಹತ್ತಿ ಸೋಂದೆ, ಶಿರಸಿಯ ಅಡಿಕೆ ತೋಟಗಳನ್ನೂ ಕಂಡ. 1807ರಲ್ಲಿ ಅಚ್ಚಾದ ಅವನ ವರದಿಯಲ್ಲಿ ಉತ್ತರ ಕೆನರಾದ ಕಾಡಿನ ಬಗ್ಗೆ ಒಂದು ಮಾತಿದೆ. ಕಾಡು ಊರ ದೇವರದ್ದು, ಗೌಡನ ಅಪ್ಪಣೆ ಇಲ್ಲದೆ ಮರ ಕಡಿಯುವಂತಿಲ್ಲ. ಆ ಗೌಡನೇ ದೇವರ ಪೂಜಾರಿಯೂ ಹೌದು. ಅಪ್ಪಣೆಗೆ ದೇವರು ಏನನ್ನೂ ತೆಗೆದುಕೊಳ್ಳುವುದಿಲ್ಲ, ಆದರೆ ಕೇಳದೆ ಕಡಿದವನನ್ನು ಬಿಡುವುದೂ ಇಲ್ಲ. ಸರಕಾರ ತನ್ನ ಹಕ್ಕು ಹೇಳುವುದನ್ನು ತಪ್ಪಿಸಲಿಕ್ಕೆ ಜನ ಹೂಡಿದ ಉಪಾಯ ಇದು ಎಂಬ ಅನುಮಾನ ಬುಕಾನನ್ನನಿಗೆ. ಇದ್ದರೂ ಇರಬಹುದು. ನಮ್ಮವರು ಅಷ್ಟು ಪೆದ್ದರೇನಲ್ಲ. ಆದರೆ ನಮ್ಮ ಚೌಡಿ ಬನದಲ್ಲಿ ಬಿದ್ದ ಒಣಕಟ್ಟಿಗೆಯನ್ನೂ ಯಾರೂ ಮುಟ್ಟದ್ದನ್ನು ನೋಡಿ ಬೆಳೆದ ನನಗೆ ಬರೀ ಉಪಾಯ ಎನ್ನಲು ನಾಲಗೆ ಬರುವುದಿಲ್ಲ.

ದೇವರ ನಂತರ ಸರಕಾರ ಬಂತು. 1862ರಲ್ಲಿ ಉತ್ತರ ಕೆನರಾ ಮದರಾಸು ಪ್ರಾಂತ್ಯದಿಂದ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತು. 1864ರಲ್ಲಿ ಡೀಟ್ರಿಶ್ ಬ್ರಾಂಡಿಸ್ ಹಿಂದೂಸ್ತಾನದ ಅರಣ್ಯ ಇಲಾಖೆಯ ಮೊದಲ ಇನ್‌ಸ್ಪೆಕ್ಟರ್ ಜನರಲ್ ಆದ. 1878ರ ಅರಣ್ಯ ಕಾಯ್ದೆ ಬಂದು ಕಾಡು ರಕ್ಷಿತ, ಮೀಸಲು ಎಂದು ಗೆರೆ ಎಳೆಸಿಕೊಂಡಿತು. ತೇಗ, ಶ್ರೀಗಂಧ, ಬೀಟೆ ಯಾರ ಜಾಗದಲ್ಲಿ ಹುಟ್ಟಿದರೂ ಸರಕಾರದ ಕಣ್ಣಿನ ಮರಗಳು. ಶ್ರೀಗಂಧವನ್ನಂತೂ ಮೈಸೂರಿನಲ್ಲಿ ಟಿಪ್ಪುವಿನ ಕಾಲದಿಂದಲೇ ಅರಸರ ಮರ ಎಂದು ಎಣಿಸುತ್ತಿದ್ದರು. ನಮ್ಮ ಹಿತ್ತಲಿನಲ್ಲಿ ಹಕ್ಕಿ ಬೀಜ ಉದುರಿಸಿ ಹುಟ್ಟಿದ ಗಂಧದ ಗಿಡ ಜಾಗದ ಒಡೆಯನದ್ದು ಎಂದು ಕರ್ನಾಟಕದ ಕಾನೂನು ಒಪ್ಪಿದ್ದು 2001ರಲ್ಲಿ. ಅಲ್ಲಿಯವರೆಗೆ ಗಂಧದ ಸಸಿ ಕಂಡರೆ ಬೆರಳಷ್ಟಿರುವಾಗಲೇ ಕಿತ್ತು ಎಸೆಯುವವರೇ ಹೆಚ್ಚು. ಪೊಲೀಸು, ಫಾರೆಸ್ಟು ಯಾರಿಗೆ ಬೇಕು?

ಅಡಿಕೆ ತೋಟದವರಿಗೆ ಒಂದು ರಿಯಾಯಿತಿ ಸಿಕ್ಕಿತು. ಸೊಪ್ಪಿನ ಬೆಟ್ಟ. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಹೆಚ್ಚೆಂದರೆ 9 ಎಕರೆ ಬೆಟ್ಟ. ಅಲ್ಲಿ ಸೊಪ್ಪು ಕಡಿಯಬಹುದು, ದರಕು ಗುಡಿಸಬಹುದು, ಒಣಕಟ್ಟಿಗೆ ಒಯ್ಯಬಹುದು. ನೆಲ ಸರಕಾರದ್ದು. ಹಾಗಾಗಿ ಬೆಟ್ಟದ ಮರಗಳೆಲ್ಲ ಕೊಂಬೆ ಸವರಿಸಿಕೊಂಡು ಕಂಬದ ಹಾಗೆ ನಿಂತಿರುತ್ತಿದ್ದವು. ಅಂಥ ಮತ್ತಿ ಮರವನ್ನು ದಿನಾ ನೋಡುತ್ತೇವೆ, ವರ್ಷಾ ಸೊಪ್ಪು ಇಳಿಸುತ್ತೇವೆ, ಅದರ ತೊಗಟೆ ಸುಟ್ಟು ಕವಳಕ್ಕೆ ಸುಣ್ಣವನ್ನೂ ಮಾಡಿಕೊಂಡವರಿದ್ದಾರೆ. ಬುಡಕ್ಕೆ ಕೊಡಲಿ ಇಡಬೇಕಾದರೆ ಮಾತ್ರ ಕಚೇರಿಗೆ ಅರ್ಜಿ. ಮನೆ ಕಟ್ಟಲಿಕ್ಕೆ ಎಂದರೆ ಅರ್ಜಿಗೆ ಒಂದು ಮುಖ ಇತ್ತು. ಬೇಲಿಗೆ ಮತ್ತಿ ಮರ ಬೇಕು ಎಂದು ಯಾವ ಬಾಯಲ್ಲಿ ಕೇಳುವುದು?

ಕಾಡಿನ ಮರ ಊರವರಿಗೆ ದೂರವಾದ ಆ ದಿನಗಳಲ್ಲೇ ಬೇರೆ ಕಡೆಗೆ ಹೋಗುತ್ತಿತ್ತು. 1880ರ ದಶಕದಲ್ಲಿ ಹುಬ್ಬಳ್ಳಿಯಿಂದ ಗೋವೆಯತ್ತ ರೈಲು ಹಳಿ ಬಿತ್ತು. ಹಳಿಯ ಕೆಳಗೆ ಹಾಸಲು ಸ್ಲೀಪರು ಬೇಕು, ಉಗಿಯಂತ್ರಕ್ಕೆ ಉರುವಲು ಬೇಕು. ಉಣಗೋಲಿನ ಕಂಬಕ್ಕೆ ನಾವು ಹುಡುಕುತ್ತಿದ್ದ ಜಂಬೆ, ಮನೆಯ ತೊಲೆಗೆ ಬೇಕಾದ ಮತ್ತಿ, ಎರಡೂ ಸ್ಲೀಪರಿಗೆ ಆಗಿಬರುವ ಮರಗಳೇ. ಗಟ್ಟಿ ಮರವೆಲ್ಲ ಇನ್ನೊಬ್ಬರ ದಾರಿಗೆ ಹಾಸಿಕೊಂಡಿತು ಎಂದು ನಾನು ತರಗತಿಯಲ್ಲಿ ಹೇಳುವುದಿತ್ತು. ಈಗ ಬರೆಯುವಾಗ ಅದು ಸ್ವಲ್ಪ ಭಾಷಣದ ಹಾಗೆ ಕೇಳುತ್ತದೆ, ಆದರೆ ಸುಳ್ಳೇನಲ್ಲ. 1930ರಲ್ಲಿ ನಮ್ಮ ಜಿಲ್ಲೆಯಲ್ಲಿ ಜಂಗಲ್ ಸತ್ಯಾಗ್ರಹ ನಡೆದಾಗ ಅಂಕೋಲೆಯ ಉಪ್ಪಿನ ಸತ್ಯಾಗ್ರಹವನ್ನೇ ಕಾಣದ ಘಟ್ಟದ ಮೇಲಿನ ರೈತರೂ ಮುನ್ನುಗ್ಗಿದ್ದು ಸುಮ್ಮನಲ್ಲ. ಉಪ್ಪಿಗಿಂತ ಸೊಪ್ಪು ಅವರಿಗೆ ಹತ್ತಿರದ್ದು.

ಗರಗಸದವರು ನಮ್ಮಲ್ಲಿಗೆ ಬರುತ್ತಿದ್ದದ್ದು ಮನೆ ಕಟ್ಟುವಾಗ. ಮಾವನವರ ಕಿರ್ದಿ ಪುಸ್ತಕದಲ್ಲಿ ಅವರ ಹೆಸರಿಲ್ಲ, "ಗರಗಸದವರಿಗೆ" ಎಂದಷ್ಟೇ. ಅಕ್ಕಿ, ತೆಂಗಿನೆಣ್ಣೆ, ಹೊಗೆಸೊಪ್ಪು, ಒಂದು ಅರ. ಕೂಲಿ ದಿನಕ್ಕಲ್ಲ, ಕೊಯ್ದ ಅಡಿಗೆ. ನಾನು ನೋಡಿದ್ದು ತವರಿನಲ್ಲಿ, ಅಪ್ಪ ಹೊಸ ಜಗುಲಿ ಎತ್ತುವಾಗ. ಮಲೆಯಾಳದ ಕಡೆಯ ಇಬ್ಬರು. ಹಳೆಯ ಹಲಸಿನ ಮರವೊಂದು ಕಡಿದದ್ದಿತ್ತು. ಮೊದಲು ಕೊಡಲಿಯಿಂದ ದಿಮ್ಮಿಯ ನಾಲ್ಕೂ ಮೈ ಚಚ್ಚೌಕ ಮಾಡಿದರು. ಆಮೇಲೆ ಇದ್ದಿಲ ಮಸಿ ಕಲಸಿದ ಗೆರಟೆಯಲ್ಲಿ ನೂಲು ಅದ್ದಿ, ದಿಮ್ಮಿಯ ಎರಡು ತುದಿಗೆ ಬಿಗಿ ಹಿಡಿದು, ನಡುವೆ ಬೆರಳಿಂದ ಎತ್ತಿ ಬಿಟ್ಟರೆ ಟಪ್ ಎಂದು ನೇರ ಕಪ್ಪು ಗೆರೆ. ಮೇಲಿನ ಮೈಗೂ ಕೆಳಗಿನ ಮೈಗೂ ಗೆರೆ. ಆ ನೂಲು ಎಳೆದು ಬಿಡುವ ಕೆಲಸ ನನಗೂ ಒಮ್ಮೆ ಸಿಕ್ಕಿತ್ತು.

ದಿಮ್ಮಿಯನ್ನು ಧರೆಯ ಅಂಚಿಗೆ ಉರುಳಿಸಿ ಒಂದು ಬದಿಗೆ ಕತ್ತರಿಗಾಲು ಕೊಟ್ಟರು. ಬಯಲುಸೀಮೆಯಲ್ಲಾದರೆ ಗುಂಡಿ ತೋಡಬೇಕು. ನಮ್ಮಲ್ಲಿ ಇಳಿಜಾರೇ ಗುಂಡಿ. ಒಬ್ಬ ದಿಮ್ಮಿಯ ಮೇಲೆ ನಿಂತ, ಒಬ್ಬ ಕೆಳಗೆ. ಆಳುದ್ದದ ಗರಗಸ, ಎರಡು ತುದಿಗೂ ಅಡ್ಡ ಹಿಡಿ. ಹಲ್ಲುಗಳೆಲ್ಲ ಕೆಳಮುಖ, ಆದ್ದರಿಂದ ಮರ ಕೊಯ್ಯುವುದು ಕೆಳಗಿನವನ ಎಳೆತಕ್ಕೆ. ಮೇಲಿನವನ ಕೆಲಸ ಗರಗಸ ಎತ್ತುವುದು, ಗೆರೆ ತಪ್ಪದಂತೆ ನೋಡುವುದು. ಗೌರವ ಮೇಲಿನವನಿಗೆ, ಹುಡಿ ಕೆಳಗಿನವನಿಗೆ. ಅವನು ತಲೆಗೆ ಚೌಕ ಕಟ್ಟಿ, ಕಣ್ಣು ಅರೆ ಮುಚ್ಚಿ, ಮುಖ ತಿರುಗಿಸಿಯೇ ಎಳೆಯುತ್ತಿದ್ದ. ಹಲಸಿನ ಹಳದಿ ಹುಡಿ ಬೆವರಿಗೆ ಅಂಟಿ ಸಂಜೆಯ ಹೊತ್ತಿಗೆ ಅರಿಸಿನ ಮೆತ್ತಿದ ಮದುಮಗನ ಹಾಗೆ ಕಾಣುತ್ತಿದ್ದ. ಗರಗಸ ಮುಂದೆ ಹೋದಂತೆ ಕೊಯ್ದ ಬಾಯಿ ಮುಚ್ಚಿಕೊಂಡು ಕಚ್ಚಬಾರದೆಂದು ಹಿಂದಿನಿಂದ ಬೆಣೆ ಹೊಡೆಯುವುದು, ಅಲಗಿಗೆ ಎಣ್ಣೆ ಸವರುವುದು. ಮಧ್ಯಾಹ್ನ ಊಟದ ಮೇಲೆ ಅರ ಹಿಡಿದು ಒಂದೊಂದೇ ಹಲ್ಲು ಮಸೆಯುವುದು. ಆ ಕರ್ಕಶ ಶಬ್ದಕ್ಕೆ ಅಜ್ಜಿ ಮಲಗಿದ್ದಲ್ಲಿಂದಲೇ ಬೈಯುತ್ತಿದ್ದಳು.

ಅಷ್ಟು ದುಡಿದು ಬಂದ ಹಲಗೆ ಬೇಲಿಗೆ ಹೋಗುವ ಮಾತೇ ಇಲ್ಲ. ಬಾಗಿಲಿಗೆ, ಮಂಚಕ್ಕೆ, ಮುಚ್ಚಿಗೆಗೆ. ರೀಪು, ಪಕಾಸಿಗೂ ಲೆಕ್ಕ. ಬೇಲಿಯ ಪಾಲಿಗೆ ಬಂದದ್ದು ದಿಮ್ಮಿಯ ಹೊರಮೈ ತುಂಡುಗಳು, ಒಂದು ಬದಿ ತೊಗಟೆ ಇದ್ದದ್ದು. ಅವೂ ಕರುಗಳ ದೊಡ್ಡಿಗೆ ಎರಡು ವರ್ಷ ಬಂದು ಆಮೇಲೆ ಒಲೆ ಸೇರಿದವು.

ಮರದ ಅಳತೆಯ ಲೆಕ್ಕವನ್ನೂ ನಾನು ಅಲ್ಲಿಯೇ ಕಲಿತದ್ದು. ಹುರಿಯನ್ನು ದಿಮ್ಮಿಯ ನಡುವಿಗೆ ಸುತ್ತಿ, ಸುತ್ತಳತೆಯನ್ನು ನಾಲ್ಕು ಮಡಿಕೆ ಮಾಡಿ, ಬಂದ ಅಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿದರೆ ಘನ ಅಡಿ. ನಾಲ್ಕು ಅಡಿ ಸುತ್ತಳತೆಯ, ಹತ್ತು ಅಡಿ ಉದ್ದದ ದಿಮ್ಮಿ ಎಂದರೆ 10 ಘನ ಅಡಿ. ದುಂಡನೆಯ ವಸ್ತುವನ್ನು ಹೀಗೆ ಅಳೆದರೆ ತಪ್ಪಾಗುತ್ತದೆಂದು ಹೈಸ್ಕೂಲಿನ ಗಣಿತ ಮಾಸ್ತರರು ಹೇಳಿಯಾರು. ನಿಜವಾಗಿ ಅದರಲ್ಲಿ ಇರುವುದು ಸುಮಾರು 12.7 ಘನ ಅಡಿ. ಇದು ಎಡ್ವರ್ಡ್ ಹಾಪಸ್ ಎಂಬ ಇಂಗ್ಲಿಷಿನವನು 1736ರಲ್ಲಿ ಅಚ್ಚು ಹಾಕಿಸಿದ ಕೋಷ್ಟಕದ ಲೆಕ್ಕ. ತೊಗಟೆ, ಹೊರಮೈ, ಹುಡಿ ಎಂದು ಹಾಳಾಗುವ ಪಾಲನ್ನು ಮೊದಲೇ ಬಿಟ್ಟು ಎಣಿಸುವ ಜಾಣತನ. ಕೊಳ್ಳುವವನಿಗೆ ಬಹಳ ಅನುಕೂಲ. ಮಾರುವ ರೈತನಿಗೆ ಆ ಬಿಟ್ಟ ಪಾಲು ಎಲ್ಲಿ ಹೋಯಿತೆಂದು ಯಾರೂ ಹೇಳುವುದಿಲ್ಲ. ನಮ್ಮ ಕಡೆ ಇಂದಿಗೂ ವ್ಯಾಪಾರ ಕೂರುವುದು ಇದೇ ಲೆಕ್ಕದ ಮೇಲೆ.

ಬೇಲಿಯ ಕಡೆಗೆ ಮರಳುತ್ತೇನೆ. ಬೇಲಿ ಹಾರಿದ ದನಕ್ಕೂ 1871ರಲ್ಲಿ ಒಂದು ಕಾಯ್ದೆ ಬಂತು. ಪೈರು ಮೇಯ್ದ ದನವನ್ನು ಕೊಂಡವಾಡಕ್ಕೆ ಹೊಡೆದು ಹಾಕುವುದು, ಒಡೆಯ ದಂಡ ಕಟ್ಟಿ ಬಿಡಿಸಿಕೊಳ್ಳುವುದು. ಕೊಂಡವಾಡ ಬರುವ ಮೊದಲು ಜಗಳ ಊರೊಳಗೇ ಮುಗಿಯುತ್ತಿತ್ತು, ಇಲ್ಲವೇ ಮುಗಿಯದೆ ತಲೆಮಾರು ಸಾಗುತ್ತಿತ್ತು. ಅಮೆರಿಕದಲ್ಲಿ ಜೋಸೆಫ್ ಗ್ಲಿಡ್ಡನ್ ಮುಳ್ಳುತಂತಿಗೆ ಪೇಟೆಂಟ್ ಪಡೆದದ್ದು 1874ರಲ್ಲಿ. ಮರವೇ ಇಲ್ಲದ ಹುಲ್ಲುಗಾವಲಿನವರ ಕಷ್ಟಕ್ಕೆ ಹುಟ್ಟಿದ ವಸ್ತು ಅದು. ಮರದಲ್ಲೇ ಮುಳುಗಿದ ನಮ್ಮೂರಿಗೆ ಬಹಳ ತಡವಾಗಿ ಬಂದರೂ, ಬಂದ ಮೇಲೆ ಎಲ್ಲವನ್ನೂ ನುಂಗಿತು. ತಂತಿ ಬಂದ ಮೇಲೆ ಅಗಳದ ಹೂಳೆತ್ತುವವರಿಲ್ಲ. ಮುಯ್ಯಾಳು ಇಲ್ಲ, ಗದ್ದೆ ಬಯಲು ಬಿಡುವುದೂ ಇಲ್ಲ. ವರ್ಷವಿಡೀ ನಿಲ್ಲುವ ಬೇಲಿ ಬಂದದ್ದು ತಂತಿಯ ಜೊತೆಗೆ.

ಮುಳ್ಳು ಹೋದದ್ದಕ್ಕೆ ತಂತಿಯನ್ನು ಮಾತ್ರ ಬೈದರೆ ಅನ್ಯಾಯ. ಬಿದಿರೇ ಹೋಗಿತ್ತು. 1950ರ ದಶಕದಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಶುರುವಾಗಿ ಜಿಲ್ಲೆಯ ಬಿದಿರು ಕಾಗದದ ಕಚ್ಚಾವಸ್ತು ಆಯಿತು. ಬುಟ್ಟಿ ಹೆಣೆಯುವವರು ಬಿದಿರಿಲ್ಲ ಎಂದು ಗೋಳಿಟ್ಟರು. 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು, ಅವರ ಜೊತೆಯವರು ನಮ್ಮ ಜಿಲ್ಲೆಯ ಬಿದಿರು ಮೆಳೆಗಳನ್ನು ಅಧ್ಯಯನ ಮಾಡಿದರು. ಅವರು ಕಂಡುಕೊಂಡ ಒಂದು ಸಂಗತಿ ನನಗೆ ಬೇಲಿಯ ಇತಿಹಾಸದ ತಿರುಳಿನ ಹಾಗೆ ತೋರುತ್ತದೆ. ಹೆಬ್ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳುಕೊಂಬೆಗಳು ಹೆಣೆದುಕೊಂಡು ಗೋಡೆಯೇ ಆಗಿರುತ್ತವೆ. ಮೆಳೆ ಚೆನ್ನಾಗಿ ಬೆಳೆಯಲಿ, ಕಡಿಯುವುದೂ ಸುಲಭವಾಗಲಿ ಎಂದು ಆ ಮುಳ್ಳನ್ನು ಸವರಿ ಚೊಕ್ಕ ಮಾಡಿಸುತ್ತಿದ್ದರು. ಇಲಾಖೆಯ ಪುಸ್ತಕವೂ ಅದನ್ನೇ ಹೇಳುತ್ತಿತ್ತು. ಹಳ್ಳಿಯವರು ಹೇಳಿದ್ದು ಬೇರೆ. ಮುಳ್ಳು ತೆಗೆದರೆ ಕಳಲೆಯನ್ನು ದನ, ಕಾಡುಪ್ರಾಣಿ ಎಲ್ಲ ತಿಂದು ಮುಗಿಸುತ್ತವೆ ಎಂದು. ಅಳೆದು ನೋಡಿದಾಗ ಹಳ್ಳಿಯವರ ಮಾತೇ ನಿಜ. ಬಿದಿರು ತನ್ನ ಮರಿಗೆ ತಾನೇ ಹಾಕಿಕೊಂಡಿದ್ದ ಬೇಲಿಯನ್ನು ಓದಿದವರು ಕಸ ಎಂದು ಗುಡಿಸಿದ್ದರು. ಆ ಮುಳ್ಳನ್ನು ಗದ್ದೆಗೆ ತರುತ್ತಿದ್ದ ಹಳಬರೂ ಮೆಳೆಯ ಬುಡಕ್ಕೆ ಕೈ ಹಾಕುತ್ತಿರಲಿಲ್ಲ ಎಂದು ನಮ್ಮ ಕೆಲಸದ ಮಾದೇವಿಯ ಅತ್ತೆ ಹೇಳುತ್ತಿದ್ದಳು. ಮೇಲಿನಿಂದ ಕೊಕ್ಕೆ ಹಾಕಿ ಎಳೆದದ್ದಷ್ಟೇ ಮನೆಗೆ.

ಇನ್ನು ಅಕೇಶಿಯಾ. 1983ರ ಸೆಪ್ಟೆಂಬರ್ 8ರಂದು ಶಿರಸಿಯ ಸಾಲ್ಕಣಿ ಸೀಮೆಯ ಜನ ಕಳಾಸೆ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡು ಕಡಿತ ನಿಲ್ಲಿಸಿದರು. ಅಪ್ಪಿಕೋ ಚಳವಳಿ ಎಂದು ಪಠ್ಯಪುಸ್ತಕಕ್ಕೂ ಬಂತು. ಆ ದಶಕದಲ್ಲೇ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಬೇಣ, ಗೋಮಾಳ, ಗುಡ್ಡದ ನೆತ್ತಿಗೆಲ್ಲ ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯ ಅಕೇಶಿಯಾ ಏರಿತು. ದನ ಅದರ ಎಲೆ ಮೂಸುವುದಿಲ್ಲ, ಅಡಿಯಲ್ಲಿ ಹುಲ್ಲು ಸರಿಯಾಗಿ ಬರುವುದಿಲ್ಲ. ಹತ್ತಾರು ವರ್ಷ ನಾವೆಲ್ಲ ಅದನ್ನು ಬೈದೆವು. ನಾನೂ ಬೈದಿದ್ದೇನೆ, ಈಗಲೂ ಬೈಯುತ್ತೇನೆ. ಆದರೆ ಒಂದು ಮಾತು ಒಪ್ಪಬೇಕು. ಇದು ದೇವರು ಕೇಳದ ಮರ, ಅರಸ ಕೇಳದ ಮರ. ಅಪ್ಪಿಕೊಳ್ಳುವವರೂ ಇಲ್ಲ. ಕಡಿದರೆ ಯಾರ ಹೊಟ್ಟೆಯೂ ಉರಿಯುವುದಿಲ್ಲ. ಕೊಯ್ದು ನೋಡಿದರೆ ಒಳಗೆ ಕಂದು ಬಣ್ಣದ ಗಟ್ಟಿ ಚೇಗು. ಈಗ ಮೇಜು, ಮಂಚ ಎಲ್ಲ ಅದರದ್ದೇ.

ಆದರೂ ಮಗ ಬಿದ್ದ ಮರಕ್ಕೂ ಅರ್ಜಿ ಕೊಟ್ಟು ಅಪ್ಪಣೆ ತಂದ. ದಿಮ್ಮಿಯನ್ನು ಸಾಮಿಲ್ಲಿಗೆ ಸಾಗಿಸುವುದು ಇನ್ನೊಂದು ತಲೆನೋವು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕೇಂದ್ರದ ಒಪ್ಪಿಗೆ ಇಲ್ಲದೆ ಕಾಡಿನಲ್ಲಿ ನಡೆಯುತ್ತಿದ್ದ ಕೆಲಸಗಳನ್ನೆಲ್ಲ, ಸಾಮಿಲ್ಲುಗಳನ್ನೂ ಸೇರಿಸಿ, ನಿಲ್ಲಿಸಿತು. ಆಮೇಲೆ ಹೊಸ ಮಿಲ್ಲು ತೆರೆಯುವುದೂ ಸುಲಭವಲ್ಲದಾಯಿತು. ಕಾಡಿಗೆ ಅದರಿಂದ ಒಳ್ಳೆಯದೇ ಆಯಿತೆಂದು ನನ್ನ ಅಭಿಪ್ರಾಯ. ನಾಲ್ಕು ತುಂಡಿಗೆ ಲಾರಿ ಬಾಡಿಗೆ, ಪಾಸು, ಮಿಲ್ಲಿನಲ್ಲಿ ಪಾಳಿ, ಇಷ್ಟೆಲ್ಲ ಬೇಡವೆಂದು ಇವನು ಚೈನ್‌ಸಾ ಅಲಗಿಗೆ ಬಿಗಿಯುವ ಕಬ್ಬಿಣದ ಚೌಕಟ್ಟು ತರಿಸಿದ. ದಿಮ್ಮಿಯ ಮೇಲೆ ಅಲ್ಯೂಮಿನಿಯಂ ಏಣಿ ಇಟ್ಟು ಮೊಳೆ ಹೊಡೆದು, ಏಣಿಯ ಮೇಲೆ ಚೌಕಟ್ಟು ಜಾರಿಸುತ್ತ ಮೊದಲ ಮೈ ಕೊಯ್ದರೆ ಸಪಾಟು ಸಿಕ್ಕಿತು. ಆಮೇಲೆ ಏಣಿ ಬೇಡ, ಆ ಸಪಾಟೇ ದಾರಿ. ನೂಲಿನ ಕೆಲಸ ಏಣಿ ಮಾಡಿತು. ಆದರೆ ಚೈನ್‌ಸಾ ಹೊಟ್ಟೆಬಾಕ. ಒಂದೊಂದು ಕೊಯ್ತಕ್ಕೆ ಸುಮಾರು 8 ಮಿಲಿಮೀಟರ್ ಮರ ಹುಡಿ. ಒಂದು ಅಂಗುಲದ ಹಲಗೆ ಕೊಯ್ದರೆ ಮೂರು ಕೊಯ್ತಕ್ಕೆ ಒಂದು ಹಲಗೆ ಗಾಳಿಗೆ ಹೋದ ಹಾಗೆ. ಅದಕ್ಕೇ ಅವನು ಪಟ್ಟಿಗಳನ್ನು ದಪ್ಪ ದಪ್ಪ ಇಟ್ಟದ್ದು, ಆಚೆಮನೆ ಭಾವನಿಗೆ ಮೆತ್ತು ನೆನಪಾದದ್ದು.

ಕೊಯ್ದ ಪಟ್ಟಿಯನ್ನು ಅಟ್ಟಿ ಕಟ್ಟಿ, ನಡುನಡುವೆ ಗಾಳಿಯಾಡಲು ತುಂಡು ಕೊಟ್ಟು ನೆರಳಲ್ಲಿ ಒಣಗಿಸಬೇಕು. ಆ ತುಂಡುಗಳಿಗೆ ಅಡಿಕೆ ದಬ್ಬೆಗಿಂತ ಒಳ್ಳೆಯದು ಸಿಗಲಿಲ್ಲ. ತುದಿ ಸೀಳಬಾರದೆಂದು ಬಣ್ಣ ಬಳಿದ, ಆದರೂ ಕೆಲವು ಸೀಳಿದವು. ಅಕೇಶಿಯಾದ ಗುಣವೇ ಹಾಗೆ. ಗೂಟಕ್ಕೆ ಏನು ಮಾಡುತ್ತೀಯೋ ಎಂದು ಕೇಳಿದೆ. ಯಾವ ಗೂಟವೂ ಕೊಳೆಯುವುದು ಆಳದಲ್ಲಲ್ಲ, ಗಾಳಿಯೂ ತೇವವೂ ಕೂಡುವ ನೆಲಮಟ್ಟದಲ್ಲಿ. ಮಾವನವರು ಗೂಟದ ಬುಡ ಸುಟ್ಟು, ಆ ಜಾಗಕ್ಕೆ ಗೇರೆಣ್ಣೆ ಬಳಿದು ನೆಡಿಸುತ್ತಿದ್ದರು. ಇವನು ಪೇಟೆಯ ಔಷಧ ತಂದವನು, ಡಬ್ಬದ ಬೆಲೆ ನೋಡಿದ ನಾನು ಮುಖ ಸಿಂಡರಿಸಿದ್ದಕ್ಕೋ ಏನೋ, ಉಳಿದರ್ಧಕ್ಕೆ ಗೇರೆಣ್ಣೆಯನ್ನೇ ಹಚ್ಚಿದ. ಕೈ ಸುಟ್ಟುಕೊಂಡ ಕೂಡ. ಗೇರೆಣ್ಣೆ ಚರ್ಮಕ್ಕೆ ತಾಗಿದರೆ ಬೊಕ್ಕೆ ಏಳುತ್ತದೆ ಎಂಬುದು ಡಬ್ಬದ ಮೇಲೆ ಬರೆದಿರುವುದಿಲ್ಲ.

ಅಪ್ಪಣೆಯ ಕಾಗದ ಓಡಾಡುವಾಗ ನಾನು 1976ರ ಮರ ಸಂರಕ್ಷಣಾ ಕಾಯ್ದೆ ತೆಗೆದು ಓದಿದೆ. ಅಪ್ಪಣೆ ಬೇಡದ ಮರಗಳ ಪಟ್ಟಿಯೊಂದು ಅದರಲ್ಲಿದೆ. ತೆಂಗು, ಗಾಳಿ, ನೀಲಗಿರಿ, ರಬ್ಬರು, ಸಿಲ್ವರ್ ಓಕ್, ಹಾಲವಾಣ, ಗೊಬ್ಬರದ ಗಿಡ ಎಂದು ಹೋಗುತ್ತದೆ. ಓದುತ್ತ ನಗು ಬಂತು. ಹಾಲವಾಣ, ಗೊಬ್ಬರದ ಗಿಡ ಎರಡೂ ನಮ್ಮ ಹಿತ್ತಲ ಬೇಲಿಯ ಜೀವಂತ ಗೂಟಗಳು. ನೂರಾರು ವರ್ಷ ಅಪ್ಪಣೆ ಕೇಳಿ ಸಾಕಾದ ಜನ ಯಾವುದಕ್ಕೆ ಕೇಳಬೇಕಿಲ್ಲವೋ ಅದರಲ್ಲೇ ಬೇಲಿ ಕಟ್ಟಿಕೊಳ್ಳುತ್ತ ಬಂದರು ಎಂದು ನಾನು ತಿಳಿಯುತ್ತೇನೆ. ಬೇಲಿಗೆ ಮರ ಬಾರದೇ ಹೋದದ್ದು ಕೈಚಳಕ ಇಲ್ಲದ್ದಕ್ಕಲ್ಲ.

ಈಗ ಬೇಲಿಯ ಕೆಲಸವೇ ಬದಲಾಗಿದೆ. ಕೊಟ್ಟಿಗೆಯಲ್ಲಿ ಇರುವುದು ಎರಡು ಜೆರ್ಸಿ, ಕಟ್ಟಿದಲ್ಲೇ ಮೇಯುತ್ತವೆ. ಊರಿನ ಮಲೆನಾಡು ಗಿಡ್ಡದ ಹಿಂಡು ಇಲ್ಲ, ಹಿಂಡಿಲ್ಲದ ಮೇಲೆ ಕೊಂಡವಾಡವೂ ಇಲ್ಲ. ತೋಟಕ್ಕೆ ಬರುವುದು ಕಾಡುಹಂದಿ, ಕಾಟಿ, ಮಂಗ. ಹಂದಿ ಕೆಳಪಟ್ಟಿಯ ಅಡಿ ಮಣ್ಣು ಕೆದರಿ ನುಗ್ಗಲು ನೋಡಿತು, ಅಲ್ಲಿ ಚಿರೇಕಲ್ಲು ಹುಗಿಸಿದೆವು. ಕಾಟಿ ಇನ್ನೂ ಈ ಬದಿಗೆ ಬಂದಿಲ್ಲ. ಬಂದರೆ ಮೈ ತುರಿಸಿಕೊಂಡೇ ಬೀಳಿಸುತ್ತದೆ ಎಂದು ಮಗನಿಗೂ ಗೊತ್ತು. ಮಂಗಗಳಿಗೆ ಮಾತ್ರ ಭಾರೀ ಅನುಕೂಲ ಆಗಿದೆ. ಮೇಲಿನ ಪಟ್ಟಿಯ ಮೇಲೆ ಸಾಲಾಗಿ ಕೂತು, ಯಾವ ಗೊನೆಯ ಎಳೆಕಾಯಿ ಮೊದಲು ಕೀಳುವುದೆಂದು ನಿಧಾನವಾಗಿ ನೋಡುತ್ತವೆ.